ನಲವತ್ತರ ನಂತರ ಹೊರಗಿನ ವ್ಯಾಯಾಮ: ನಡಿಗೆ ಸಾಕೇ, ಓಡಲೇಬೇಕೇ?

ವಯಸ್ಸು ನಲವತ್ತಾರು, ದಿನವಿಡೀ ಕುಳಿತು ಮಾಡುವ ಕೆಲಸ, ಜಿಮ್ ಎಂದರೆ ಬೇಸರ, ಮಂಡಿ ಆಗಾಗ ಲಟಲಟ ಎನ್ನುತ್ತದೆ. ಹೊರಗಿನ ವ್ಯಾಯಾಮದಿಂದಲೇ ಮೈ ಗಟ್ಟಿಯಾಗಿ ಇಟ್ಟುಕೊಳ್ಳಬಹುದೇ, ಅದಕ್ಕೆ ನಡಿಗೆ ಸಾಕೇ ಅಥವಾ ಓಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಇಟ್ಟುಕೊಳ್ಳಬಹುದು. ಆದರೆ ಸಮತಟ್ಟು ರಸ್ತೆಯಲ್ಲಿ ಹರಟುತ್ತಾ ಸಾಗುವ ನಡಿಗೆಯೊಂದೇ ಸಾಲದು, ಹಾಗೆಂದು ನಾಳೆಯೇ ಓಡಲು ಹೊರಡುವುದೂ ಬೇಡ. ಇವೆರಡರ ನಡುವೆ ಇರುವುದನ್ನು ಜನ ಯಾಕೋ ಲೆಕ್ಕಕ್ಕೇ ಹಿಡಿಯುವುದಿಲ್ಲ: ಏರು. ನಾನು ಐವತ್ತು ದಾಟಿದವಳು. ಹತ್ತಲು ಒಂದು ದಿಣ್ಣೆಯೋ ಮೆಟ್ಟಿಲಸಾಲೋ ಇದ್ದರೆ ಮಧ್ಯವಯಸ್ಸಿನವರಿಗೆ ಮುಕ್ಕಾಲು ಪಾಲು ಕೆಲಸ ಅಲ್ಲೇ ಆಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹತ್ತುವುದರ ಬಗ್ಗೆ ಒಂದು ಹಳೆಯ ಅಧ್ಯಯನವೂ ಇದೆ. ಲಂಡನ್ನಿನ ಎರಡಂತಸ್ತಿನ ಬಸ್‌ಗಳಲ್ಲಿ ಚಾಲಕ ಹೊತ್ತೆಲ್ಲ ಕುಳಿತಿರುತ್ತಿದ್ದ, ನಿರ್ವಾಹಕ ಟಿಕೆಟ್ ಕೊಡಲು ಹತ್ತಿಳಿಯುತ್ತಲೇ ಇರುತ್ತಿದ್ದ. ಬ್ರಿಟನ್ನಿನ ವೈದ್ಯ-ಸಂಶೋಧಕ ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ನಿರ್ವಾಹಕರಿಗೆ ಹೃದಯದ ಕಾಯಿಲೆ ಚಾಲಕರಿಗಿಂತ ಕಡಿಮೆ ಬರುತ್ತಿತ್ತು. ಬಂದರೂ ತಡವಾಗಿ ಬರುತ್ತಿತ್ತು. ಮುಂದೆ ಅದೇ ಮಾರಿಸ್ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ, ಚಿಕ್ಕ ವಯಸ್ಸಿನ ಚಾಲಕರ ಸೊಂಟದ ಸುತ್ತಳತೆಯೂ ನಿರ್ವಾಹಕರಿಗಿಂತ ಹೆಚ್ಚಿದ್ದುದು ತಿಳಿಯಿತು. ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಮೆಟ್ಟಿಲಿಗೇ ಕೊಡುವಂತಿಲ್ಲ. ಅಷ್ಟಾದರೂ ದೈಹಿಕ ಚಟುವಟಿಕೆ ಮತ್ತು ಹೃದಯದ ನಂಟನ್ನು ಲೆಕ್ಕ ಹಾಕಿ ನೋಡುವ ಅಭ್ಯಾಸ ಬಲವಾಗಿ ಬೇರೂರಿದ್ದು ಆ ಬಸ್ಸಿನಿಂದಲೇ.

ಏರಿನ ಲಾಭ ಸರಳವಾದದ್ದು. ಕಾಲಿನ ವೇಗ ಹೆಚ್ಚದೆಯೇ ಎದೆಬಡಿತ ಹೆಚ್ಚುತ್ತದೆ. ಓಡುವಾಗ ಒಂದೊಂದು ಹೆಜ್ಜೆಗೂ ದೇಹದ ತೂಕದ ಎರಡು-ಮೂರು ಪಟ್ಟು ಬಲ ನೆಲದಿಂದ ಕಾಲಿಗೆ ಬಡಿಯುತ್ತದೆ. ನಡಿಗೆಯಲ್ಲಿ ಅದು ತೂಕಕ್ಕಿಂತ ತುಸುವೇ ಹೆಚ್ಚು. ಹತ್ತುವಾಗ ಓಟದಷ್ಟೇ ಏದುಸಿರು ಬರಬಹುದು, ಕಾಲಿಗೆ ಬೀಳುವ ಬಡಿತ ಮಾತ್ರ ನಡಿಗೆಯದೇ. ಹೆಜ್ಜೆ ಗಿಡ್ಡವಾಗಿರಲಿ. ಸೊಂಟದಲ್ಲಿ ಬಗ್ಗದೆ ಇಡೀ ಮೈಯನ್ನು ಒಂದಿಷ್ಟು ಮುಂದಕ್ಕೆ ವಾಲಿಸಿ. ಕಾಲೆತ್ತಿ ಇಟ್ಟ ಮೇಲೆ ಹಿಂದಿನ ಕಾಲಿನಿಂದ ಜಿಗಿಯದೆ, ಮುಂದಿನ ಪಾದದ ಹಿಮ್ಮಡಿಯನ್ನು ಒತ್ತಿ ಮೇಲೇಳಿ; ಆಗ ಪೃಷ್ಠದ ಸ್ನಾಯು ಬಿಗಿಯಾಗುವುದು ಕೈಯಿಟ್ಟರೆ ತಿಳಿಯುತ್ತದೆ. ದಿನವಿಡೀ ಕುರ್ಚಿಯ ಮೇಲೆ ಸುಮ್ಮನೆ ಬಿದ್ದಿರುವ ಸ್ನಾಯು ಅದು, ಅದಕ್ಕೆ ಕೆಲಸ ಕೊಡುವುದೇ ದೊಡ್ಡ ಗೆಲುವು.

ಮೈ ನೋಯುವುದು ಇಳಿಯುವುದರಿಂದ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿದು ನಿಮ್ಮ ಭಾರವನ್ನು ತಡೆಯಬೇಕಾಗುತ್ತದೆ. ಅದರ ಫಲ ಆ ದಿನ ಗೊತ್ತಾಗುವುದಿಲ್ಲ; ಎರಡನೆಯ ದಿನ ಕುರ್ಚಿಯಿಂದ ಏಳುವಾಗ ಗೊತ್ತಾಗುತ್ತದೆ. ಹೆದರಬೇಡಿ, ಇದು ಗಾಯವಲ್ಲ, ಮೂರ್ನಾಲ್ಕು ದಿನಗಳಲ್ಲಿ ಹೋಗುತ್ತದೆ. ಒಮ್ಮೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟೇ ಇಳಿತಕ್ಕೆ ಅಷ್ಟು ನೋಯುವುದೂ ಇಲ್ಲ. ಮಂಡಿಯ ಸಮಸ್ಯೆ ಇರುವವರು ಮೊದಮೊದಲು ಕಡಿದಾದ ಕಡೆ ಹತ್ತಿ, ಇಳಿಜಾರು ಕಡಿಮೆ ಇರುವ ಸುತ್ತುದಾರಿಯಲ್ಲಿ ಇಳಿಯುವುದು ಜಾಣತನ.

ಎಷ್ಟು ಹೊತ್ತು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಇದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಬಿರುಸಿನ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಆಗಬೇಕು ಎಂದು ಹಿಂದೆ ಇದ್ದ ನಿಯಮವನ್ನು ಈಗ ಕೈಬಿಟ್ಟಿದ್ದಾರೆ. ಮಧ್ಯಮವೋ ಬಿರುಸೋ ಎಂದು ತಿಳಿಯಲು ಗಡಿಯಾರ ಬೇಕಿಲ್ಲ. ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದಾದರೆ ಮಧ್ಯಮ. ನಾಲ್ಕು ಪದ ಆಡಿ ಉಸಿರಿಗೆ ನಿಲ್ಲಬೇಕಾದರೆ ಬಿರುಸು. 220ರಿಂದ ವಯಸ್ಸು ಕಳೆದು ಗರಿಷ್ಠ ಎದೆಬಡಿತ ಲೆಕ್ಕ ಹಾಕುವ ಸೂತ್ರವನ್ನು ನಾನು ನೆಚ್ಚುವುದಿಲ್ಲ. ಒಂದೇ ವಯಸ್ಸಿನ ಇಬ್ಬರ ನಡುವೆ ಹತ್ತಿಪ್ಪತ್ತು ಬಡಿತದ ವ್ಯತ್ಯಾಸ ಸಹಜ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಅದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹುಟ್ಟಿಕೊಂಡ ಸಂಖ್ಯೆ, ವೈದ್ಯರು ಅಳೆದು ಹೇಳಿದ್ದಲ್ಲ.

ಓಟದ ವಿಷಯ. ಓಡಿದರೆ ಮಂಡಿ ಸವೆದುಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಹವ್ಯಾಸಕ್ಕೆ ಹಿತಮಿತವಾಗಿ ಓಡುವವರಲ್ಲಿ ಮಂಡಿಯ ಸಂಧಿವಾತ ಕುಳಿತೇ ಇರುವವರಿಗಿಂತ ಹೆಚ್ಚೇನೂ ಕಂಡುಬಂದಿಲ್ಲ. ನಲವತ್ತಾರರಲ್ಲಿ ಓಟ ಶುರುಮಾಡುವವರ ತೊಂದರೆಯೇ ಬೇರೆ. ಹೃದಯ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಒಂದೂವರೆ ತಿಂಗಳ ಹೊತ್ತಿಗೆ ಉಸಿರು ಹಗುರವಾಗಿ, ಇನ್ನಷ್ಟು ದೂರ ಹೋಗೋಣ ಎನ್ನಿಸುತ್ತದೆ. ಹಿಮ್ಮಡಿಯ ಹಿಂದಿನ ರಜ್ಜು ಕೈಕೊಡುವುದು ಇಂತಹ ಹುರುಪಿನಲ್ಲೇ. ನನ್ನ ಜೊತೆ ನಡೆಯುವವರಲ್ಲಿ ಓಟಕ್ಕೆ ಹೋಗಿ ಕುಂಟುತ್ತಾ ಬಂದವರೆಲ್ಲ ಉಸಿರಿನ ಮಾತು ಕೇಳಿ ಕಾಲಿನ ಮಾತು ಕೇಳದವರು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿ ಬಿಗಿದು ನೋಯುತ್ತಿದ್ದರೆ ಓಟವನ್ನು ಅಷ್ಟಕ್ಕೇ ತಡೆಯಿರಿ. ಓಡಲೇಬೇಕು ಎಂಬ ಆಸೆಯಿದ್ದರೆ ಮೂರು ತಿಂಗಳು ಏರು ಹತ್ತಿದ ಮೇಲೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಆರಂಭಿಸಿ.

ಬಲದ ವ್ಯಾಯಾಮವನ್ನು ನಡಿಗೆಯವರು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಮೂವತ್ತು ದಾಟಿದ ಮೇಲೆ ಸ್ನಾಯುವಿನ ಗಾತ್ರ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ ಮೂರರಿಂದ ಎಂಟರಷ್ಟು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆಯೂ ಬೇಗ ಸವೆಯುತ್ತದೆ. ಬರೀ ನಡಿಗೆಯಿಂದ ಭುಜ, ಬೆನ್ನಿಗೆ ಏನೂ ಸಿಗುವುದಿಲ್ಲ. ಉದ್ಯಾನದ ಕಲ್ಲುಬೆಂಚು ಸಾಕು. ಅದರ ಅಂಚಿಗೆ ಕೈಯೂರಿ ದಂಡ ಹೊಡೆಯಿರಿ; ನೆಲದ ಮೇಲಿನದಕ್ಕಿಂತ ಹಗುರ. ಅದೇ ಬೆಂಚಿನ ಮೇಲೆ ಕೈಯ ಆಸರೆಯಿಲ್ಲದೆ ನಿಧಾನವಾಗಿ ಕುಳಿತು ಏಳಿ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಕಂಬಿ ಹಿಡಿದು, ಎರಡೂ ಹಿಮ್ಮಡಿ ಎತ್ತಿ, ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಮೆಟ್ಟಿಲ ಮಟ್ಟದವರೆಗೆ ಇಳಿಸಿ. ಹಿಮ್ಮಡಿಯ ರಜ್ಜು ಗಟ್ಟಿಯಾಗಲು ಇದಕ್ಕಿಂತ ಸುಲಭದ ಉಪಾಯ ನನಗೆ ತಿಳಿದಿಲ್ಲ. ಪಕ್ಕದಲ್ಲಿ ಮಕ್ಕಳು ನಗಬಹುದು, ನಗಲಿ.

ಸಾಧ್ಯವಿದ್ದಲ್ಲಿ ಕಾಂಕ್ರೀಟ್ ಬಿಟ್ಟು ಮಣ್ಣಿನ ದಾರಿ ಹಿಡಿಯಿರಿ. ಅಂಕುಡೊಂಕು ನೆಲದಲ್ಲಿ ಕಣಕಾಲಿಗೆ ಸಮತೋಲನದ ಪಾಠ ತಾನಾಗಿಯೇ ಆಗುತ್ತದೆ. ಸಮಯ ಬೆಳಿಗ್ಗೆಯೋ ಸಂಜೆಯೋ ನಿಮ್ಮಿಷ್ಟ. ಬೆಳಗಿನ ಬೆಳಕು ನಿದ್ರೆಯ ಗಡಿಯಾರಕ್ಕೆ ಒಳ್ಳೆಯದು. ಆದರೆ ಚಳಿಗಾಲದ ಮುಂಜಾವಿನಲ್ಲಿ ಹೊಗೆ, ದೂಳು ನೆಲದ ಹತ್ತಿರವೇ ನಿಂತಿರುತ್ತವೆ. ವಾಹನ ದಟ್ಟಣೆಯ ಊರಾದರೆ ಬಿಸಿಲೇರುವವರೆಗೆ ಕಾಯಿರಿ. ಸೆಖೆಗಾಲ ಬಂದಾಗ ಮೊದಲ ಒಂದೆರಡು ವಾರ ವೇಗ ತಗ್ಗಿಸಿ. ಮೈ ಬಿಸಿಲಿಗೆ ಒಗ್ಗಲು ಅಷ್ಟು ಸಮಯ ಬೇಕು.

ಇನ್ನು ನಿಮ್ಮ ಮಂಡಿಯ ಲಟಲಟ. ನೋವಿಲ್ಲ, ಊತವಿಲ್ಲ, ಮಡಚುವಾಗ ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂದಾದರೆ ಆ ಸದ್ದಿಗೆ ಸಾಮಾನ್ಯವಾಗಿ ಅರ್ಥವೇನೂ ಇಲ್ಲ, ಧಾರಾಳವಾಗಿ ಹತ್ತಿ. ಊತ ಬಂದರೆ ಅಥವಾ ನಡೆಯುವಾಗ ಮಂಡಿ ಕುಸಿದಂತಾದರೆ ಮೂಳೆ ತಜ್ಞರಿಗೆ ತೋರಿಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದದ್ದು ಇದ್ದರೆ, ಏರು ಹತ್ತಲು ಶುರುಮಾಡುವ ಮೊದಲೇ ವೈದ್ಯರನ್ನು ಕೇಳಿ. ಹತ್ತುವಾಗ ಎದೆಯಲ್ಲೋ ದವಡೆಯಲ್ಲೋ ಎಡಗೈಯಲ್ಲೋ ಬಿಗಿತ ಬಂದು, ನಿಂತ ಕೂಡಲೇ ಕಡಿಮೆಯಾದರೆ ವಾಯು ಎಂದುಕೊಂಡು ಮುಂದೆ ಹೋಗಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಕುಳಿತರೂ ಅದು ಇಳಿಯದಿದ್ದರೆ ತಡಮಾಡದೆ ಆಂಬುಲೆನ್ಸ್ ಕರೆಯಿರಿ.