ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮೂಳೆ ಮುರಿದಾಗ ಬೆರಳಿನ ಮೇಲೆ ಕಣ್ಣಿರಲಿ

ಪ್ರಶ್ನೆ: ಅಮ್ಮನಿಗೆ 63 ವರ್ಷ. ಅಂಗಳದ ಪಾಚಿಯಲ್ಲಿ ಜಾರಿ, ಕೈಯೂರಿ ಬಿದ್ದು ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿದೆ. ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದ್ದಾರೆ. ಮೊದಲೆರಡು ದಿನ ಬೆರಳು ಬಾತು ನಮಗೆಲ್ಲ ಗಾಬರಿಯಾಗಿತ್ತು. ಇದನ್ನು ತೆಗೆಸಿ ಎಣ್ಣೆ ಉಜ್ಜಿ ಬಿದಿರಿನ ಕಡ್ಡಿ ಕಟ್ಟಿಸಿದರೆ ಬೇಗ ಕೂಡುತ್ತದೆ ಎಂದು ನೆರೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಬ್ರಹ್ಮಾವರ

ಉತ್ತರ: ಪ್ಲಾಸ್ಟರ್ ತೆಗೆಸಬೇಡಿ. ಮೂಳೆಯನ್ನು ಕೂಡಿಸುವುದು ಪ್ಲಾಸ್ಟರೂ ಅಲ್ಲ, ಎಣ್ಣೆಯೂ ಅಲ್ಲ. ಮುರಿದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತದಿಂದಲೇ ಆ ಕೆಲಸ ಶುರುವಾಗುತ್ತದೆ. ಎರಡು ಮೂರು ವಾರದಲ್ಲಿ ಅಲ್ಲಿ ಮೆದುವಾದ ಬೆಸುಗೆ ಬೆಳೆದು, ಆಮೇಲೆ ಸುಣ್ಣ ಸೇರಿ ಗಟ್ಟಿಯಾಗುತ್ತದೆ. ಅಷ್ಟರವರೆಗೆ ತುಂಡುಗಳು ಅಲುಗದಂತೆ ಹಿಡಿದಿಡುವುದಷ್ಟೇ ಪ್ಲಾಸ್ಟರಿನ ಕೆಲಸ. ಉಜ್ಜಿದರೆ ಕೂರಿಸಿದ ಮೂಳೆ ಮತ್ತೆ ಜಾರುತ್ತದೆ. ಮಣಿಕಟ್ಟಿಗೆ ಸಾಮಾನ್ಯವಾಗಿ ಐದರಿಂದ ಆರು ವಾರ ಬೇಕು, ಯಾರು ಕಟ್ಟಿದರೂ ಅಷ್ಟೇ.

ಬಾವು ಮೊದಲ ಎರಡು ಮೂರು ದಿನ ಏರುವುದು ಸಹಜ. ಬಿದಿರಿನ ಬಿಗಿಕಟ್ಟಿನ ಅಪಾಯ ಇರುವುದೂ ಅಲ್ಲೇ: ಒಳಗೆ ಬಾವು ಏರುತ್ತದೆ, ಹೊರಗಿನ ಕಟ್ಟು ಹಿಗ್ಗುವುದಿಲ್ಲ, ನಡುವೆ ಸಿಕ್ಕಿದ ಮಾಂಸಖಂಡಕ್ಕೆ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆ ಹೀಗಾದರೆ ಕೈ ಮುದುರಿ ಶಾಶ್ವತವಾಗಿ ಬಲ ಕಳೆದುಕೊಳ್ಳಬಹುದು. ಪ್ಲಾಸ್ಟರ್ ಬಿಗಿಯಾದರೂ ಇದೇ ಆಗುತ್ತದೆ. ಆದ್ದರಿಂದಲೇ ಮೊದಲು ಅರ್ಧ ಸುತ್ತಿನ ಸ್ಲ್ಯಾಬ್ ಹಾಕಿ, ಬಾವು ಇಳಿದ ಮೇಲೆ ಪೂರ್ತಿ ಸುತ್ತುವ ರೂಢಿ. ಬಿದ್ದ ಕೂಡಲೇ ಬಳೆ, ಉಂಗುರ ತೆಗೆದಿಡಬೇಕಾದ್ದೂ ಇದಕ್ಕೇ. ಬಾತ ಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಉಗುರನ್ನು ಒತ್ತಿ ಬಿಡಿ: ಬಿಳಿಯಾದದ್ದು ಸುಮಾರು ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ಬೇರೆಯವರು ಬೆರಳನ್ನು ಹಿಡಿದು ನೇರ ಮಾಡಿದಾಗ ಪ್ರಾಣ ಹೋಗುವಂತೆ ನೋವಾದರೆ ಅಥವಾ ಮಾತ್ರೆಗೂ ಬಗ್ಗದೆ ನೋವು ಏರುತ್ತಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ, ಬೆಳಗಿನವರೆಗೆ ಕಾಯಬೇಡಿ.

ಉಳಿದಂತೆ, ಮೊದಲ ವಾರ ಮಲಗುವಾಗ ಕೈಯನ್ನು ಎರಡು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ ಇಡಲಿ. ಎಚ್ಚರವಿರುವಷ್ಟು ಹೊತ್ತು ಗಂಟೆಗೆ ಹತ್ತು ಸಲ ಮುಷ್ಟಿ ಹಿಡಿದು ಬಿಡಿಸಲಿ. ಭುಜವನ್ನೂ, ಪ್ಲಾಸ್ಟರ್ ಮೊಣಕೈಗಿಂತ ಕೆಳಗಿದ್ದರೆ ಮೊಣಕೈಯನ್ನೂ ಆಡಿಸುತ್ತಿರಲಿ. ಆರು ವಾರ ಜೋಲಿಯಲ್ಲೇ ಕಟ್ಟಿಟ್ಟರೆ ಮೂಳೆ ಕೂಡಿದರೂ ಭುಜ ಹಿಡಿದುಕೊಂಡು, ತಲೆ ಬಾಚಲೂ ಆಗದ ಸ್ಥಿತಿ ಬರುತ್ತದೆ. ತುರಿಕೆಗೆ ಸ್ಕೇಲು, ಕಡ್ಡಿ ತೂರಿಸಬೇಡಿ. ಒಳಗೆ ಗಾಯವಾದರೆ ಕಾಣುವುದೇ ಇಲ್ಲ. ಈ ಮಳೆಗಾಲದಲ್ಲಿ ಸ್ನಾನಕ್ಕೆ ಮಾತ್ರ ಪ್ಲಾಸ್ಟಿಕ್ ಸುತ್ತಿ, ಮುಗಿದ ತಕ್ಷಣ ಬಿಚ್ಚಿ. ಬಾವು ಇಳಿದಾಗ ಪ್ಲಾಸ್ಟರ್ ಸಡಿಲವಾಗಿ ಮೂಳೆ ಜಾರಬಹುದು. ಮೊದಲ ಎರಡು ವಾರ, ವಾರಕ್ಕೊಂದು ಎಕ್ಸ್‌ರೇ ತಪ್ಪಿಸಬೇಡಿ.

ಇನ್ನೊಂದು ಮಾತು. ಈ ವಯಸ್ಸಿನಲ್ಲಿ ನಿಂತಲ್ಲಿಂದ ಬಿದ್ದು ಮೂಳೆ ಮುರಿದರೆ ಅದು ಟೊಳ್ಳಾಗಿರಬಹುದು ಎಂದು ಅನುಮಾನಿಸಲೇಬೇಕು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ನಿಮ್ಮ ವೈದ್ಯರಲ್ಲಿ ಕೇಳಿ. ಮುಂದಿನ ಸಲ ಸೊಂಟದ ಮೂಳೆ ಮುರಿದರೆ ಅದು ತೀರಾ ದೊಡ್ಡ ಸಂಕಟ. ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸುವುದೂ ಚಿಕಿತ್ಸೆಯ ಭಾಗವೇ.

ಪ್ರಶ್ನೆ: ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದು ರಾಡ್ ಹಾಕಿ ಮೂರು ತಿಂಗಳಾಯಿತು. ಎಕ್ಸ್‌ರೇಯಲ್ಲಿ ಗೆರೆ ಇನ್ನೂ ಕಾಣುತ್ತದೆ. ಬೀಡಿ ಸೇದುತ್ತೇನೆ. ರಾಡ್ ಯಾವಾಗ ತೆಗೆಸಬೇಕು?
– ಓದುಗರು, ಸುರತ್ಕಲ್

ಉತ್ತರ: ಆ ಮೂಳೆಯ ಮುಂಭಾಗದಲ್ಲಿ ಚರ್ಮವಷ್ಟೇ, ಮಾಂಸ ಕಡಿಮೆ, ಹಾಗಾಗಿ ರಕ್ತಸಂಚಾರವೂ ಕಡಿಮೆ. ನಾಲ್ಕರಿಂದ ಆರು ತಿಂಗಳು ಹಿಡಿಯುವುದುಂಟು, ಮೂರಕ್ಕೆ ಗೆರೆ ಕಂಡರೆ ಸೋತಂತಲ್ಲ. ಬೀಡಿಯನ್ನು ಮಾತ್ರ ಇಂದೇ ಬಿಡಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಬೆಸುಗೆಯನ್ನು ತಡಮಾಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ. ವೈದ್ಯರು ಭಾರ ಹಾಕಲು ಹೇಳಿದ್ದರೆ ಹೆದರದೆ ಹಾಕಿ ನಡೆಯಿರಿ, ಆ ಒತ್ತಡವೇ ಮೂಳೆಗೆ ಬೆಳೆಯುವ ಸೂಚನೆ. ತೊಂದರೆ ಕೊಡದ ರಾಡನ್ನು ದೊಡ್ಡವರಲ್ಲಿ ತೆಗೆಯಲೇಬೇಕೆಂದಿಲ್ಲ. ತೆಗೆಸುವುದಿದ್ದರೂ ಮೂಳೆ ಪೂರ್ತಿ ಕೂಡಿದ ಮೇಲೆ, ಸಾಮಾನ್ಯವಾಗಿ ವರ್ಷ ಕಳೆದು.

ಪ್ರಶ್ನೆ: ಮೂಳೆ ಕೂಡಲು ಏನು ತಿನ್ನಬೇಕು?
– ಓದುಗರು, ಕಾಪು

ಉತ್ತರ: ರಾಗಿ, ಹಾಲು, ಮೊಸರು, ಮೊಟ್ಟೆ, ಬೇಳೆಕಾಳು. ಮೀನು ತಿನ್ನುವವರಾದರೆ ಸಣ್ಣ ಬೂತಾಯಿಯನ್ನು ಮುಳ್ಳು ಮೆದುವಾಗುವಷ್ಟು ಬೇಯಿಸಿ ಮುಳ್ಳುಸಹಿತ ತಿನ್ನಿ. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು. ಅದಕ್ಕಿಂತ ಹೆಚ್ಚು ಮಾತ್ರೆ ನುಂಗಿದರೆ ಮೂಳೆ ಬೇಗ ಕೂಡುವುದಿಲ್ಲ.