ಆನಿಮೇಷನ್ ಕೋರ್ಸಿಗೆ ಎರಡು ಲಕ್ಷ ಕಟ್ಟುವ ಮುನ್ನ

ಪ್ರಶ್ನೆ: ಮಗ ತುಮಕೂರಿನಲ್ಲಿ ದ್ವಿತೀಯ ಪಿಯುಸಿ ಕಾಮರ್ಸ್ ಓದುತ್ತಿದ್ದಾನೆ. ಚಿಕ್ಕಂದಿನಿಂದಲೂ ಚಿತ್ರ ಬಿಡಿಸುವ ಹುಚ್ಚು. ಈಗ ಆನಿಮೇಷನ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯವರು ಒಂದು ವರ್ಷದ ಕೋರ್ಸಿಗೆ ಎರಡು ಲಕ್ಷ ಕೇಳುತ್ತಾರೆ, ಕೆಲಸ ಗ್ಯಾರಂಟಿ ಅನ್ನುತ್ತಾರೆ. ನಮಗಿರುವುದು ಒಂದಿಷ್ಟು ತೆಂಗು ಅಷ್ಟೆ. ಸಾಲ ಮಾಡಿ ಸೇರಿಸಬಹುದೇ? ಎಐ ಬಂದ ಮೇಲೆ ಇಂಥ ಕೆಲಸ ಉಳಿಯುತ್ತದೆಯೇ? ಚಿತ್ರ ಬಿಡಿಸಿ ಯಾರು ಉದ್ಧಾರವಾಗಿದ್ದಾರೆ ಅಂತ ನೆಂಟರು ಕೇಳುತ್ತಾರೆ.
– ಗುಬ್ಬಿ ತಾಲ್ಲೂಕಿನ ಓದುಗರು

ಉತ್ತರ: ಈಗಲೇ ಸಾಲ ಮಾಡಬೇಡಿ ತಾಯಿ. ಹಾಗಂತ ಮಗನ ಆಸೆಗೆ ಅಡ್ಡ ನಿಲ್ಲುವುದೂ ಬೇಡ. ನೆಂಟರಿಗೆ ನಿಮ್ಮ ತಾಲ್ಲೂಕಿನದೇ ಉದಾಹರಣೆ ಕೊಡಿ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ನಾಟಕ ಕಂಪನಿ ನಟರಿಗಷ್ಟೇ ಅಲ್ಲ, ಪರದೆ ಬರೆಯುವವರಿಗೆ, ಬಣ್ಣ ಹಚ್ಚುವವರಿಗೆ, ದೀಪ ನೋಡಿಕೊಳ್ಳುವವರಿಗೆಲ್ಲ ಅನ್ನ ಕೊಟ್ಟಿತು. ಆನಿಮೇಷನ್, ಗೇಮ್, ವಿಎಫ್‌ಎಕ್ಸ್ (ಸಿನಿಮಾದಲ್ಲಿ ಕಂಪ್ಯೂಟರಿನಿಂದ ಮಾಡುವ ದೃಶ್ಯ ಚಮತ್ಕಾರ) ಇವುಗಳಿಗೆಂದೇ 2012ರಷ್ಟು ಹಿಂದೆಯೇ ನೀತಿ ರೂಪಿಸಿದ ರಾಜ್ಯ ನಮ್ಮದು. ಈಗ 2024-29ರ ನೀತಿಯೂ ಇದೆ.

ಈ ಕ್ಷೇತ್ರದಲ್ಲಿ ಕೆಲಸ ಕೊಡುವವರು ಮೊದಲು ಕೇಳುವುದು ಸರ್ಟಿಫಿಕೇಟನ್ನಲ್ಲ, ಮಾಡಿದ ಕೆಲಸವನ್ನು. ಆದ್ದರಿಂದ ಹಣ ಕಟ್ಟುವ ಮೊದಲು ನಾಲ್ಕೈದು ತಿಂಗಳು ಅವನು ಮನೆಯಲ್ಲೇ ಮಾಡಿ ನೋಡಲಿ. ಬ್ಲೆಂಡರ್, ಕ್ರಿಟಾ ಎಂಬ ತಂತ್ರಾಂಶಗಳು ಪೂರ್ತಿ ಉಚಿತ. ಉಚಿತ ಅಂದರೆ ಕಳಪೆ ಅಂದುಕೊಳ್ಳಬೇಡಿ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾ ದೇಶದ ಆನಿಮೇಷನ್ ಚಿತ್ರ ತಯಾರಾದದ್ದು ಬ್ಲೆಂಡರ್‌ನಲ್ಲೇ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದಿದ್ದರೆ ಕಾಗದದ ಮೇಲೆ ಬಿಡಿಸಿ, ಒಂದೊಂದೇ ಹಾಳೆಯನ್ನು ಫೋನಿನಲ್ಲಿ ಫೋಟೋ ತೆಗೆದು ಜೋಡಿಸಿದರೂ ಆಯಿತು.

ಮೊದಲ ಪಾಠ ಎಲ್ಲ ಕಡೆಯೂ ಒಂದೇ: ಪುಟಿಯುವ ಚೆಂಡು. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ಚಿತ್ರ. 12 ಚಿತ್ರ ಬಿಡಿಸಿ ಒಂದೊಂದನ್ನು ಎರಡು ಫ್ರೇಮ್ ನಿಲ್ಲಿಸಿದರೂ ಚಲನೆ ಕಾಣುತ್ತದೆ. ಚೆಂಡು ಮೇಲಿರುವಾಗ ನಿಧಾನ, ಹಾಗಾಗಿ ಅಲ್ಲಿ ಚಿತ್ರಗಳು ಒತ್ತೊತ್ತಾಗಿ ಬರಬೇಕು. ಕೆಳಗಿಳಿದಂತೆ ವೇಗ, ಅಂತರ ಹೆಚ್ಚಬೇಕು. ರಬ್ಬರ್ ಚೆಂಡಾದರೆ ನೆಲ ಮುಟ್ಟಿದ ಕ್ಷಣ ತುಸು ಚಪ್ಪಟೆಯಾಗಬೇಕು. ಅದು ಬಂದ ಮೇಲೆ ನಿಮ್ಮ ತೋಟದ ತೆಂಗಿನಕಾಯಿ ಬೀಳುವುದನ್ನು ಮಾಡಲಿ. ಕಾಯಿ ಚೆಂಡಿನಂತೆ ಪುಟಿಯುವುದಿಲ್ಲ, ಧೊಪ್ಪೆಂದು ಬಿದ್ದು ಒಂದಿಷ್ಟು ಉರುಳಿ ನಿಲ್ಲುತ್ತದೆ. ನೋಡಿದವರಿಗೆ ಅದರ ತೂಕ ಗೊತ್ತಾಗಬೇಕು. ಬಣ್ಣ, ಹೊಳಪು ಏನೂ ಬೇಡ. ಮಾಡಿದ್ದನ್ನೇ ಅಳಿಸಿ ಹತ್ತು ಸಲ ಮಾಡುವ ತಾಳ್ಮೆ ಅವನಿಗಿದೆಯೇ ಎಂಬುದು ಇಲ್ಲೇ ತಿಳಿಯುತ್ತದೆ. ಚಿತ್ರ ಚೆನ್ನಾಗಿ ಬಿಡಿಸುವ ಎಷ್ಟೋ ಮಕ್ಕಳು ಈ ಹಂತದಲ್ಲೇ ಬೇಸರಪಟ್ಟು ಬಿಡುತ್ತಾರೆ. ಹಾಗಾದರೆ ತಪ್ಪೇನಿಲ್ಲ, ಅವರಿಗೆ ಚಿತ್ರಕಲೆಯೋ ವಿನ್ಯಾಸವೋ ಹೊಂದಬಹುದು.

ಓದಿನ ದಾರಿಗಳೂ ಇವೆ. ಮೈಸೂರಿನ ಸರ್ಕಾರಿ ದೃಶ್ಯಕಲಾ ಕಾಲೇಜು ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪಿಯುಸಿ ನಂತರ ದೃಶ್ಯಕಲೆಯ ಪದವಿ ಮಾಡಬಹುದು. ಐಐಟಿಗಳ ವಿನ್ಯಾಸ ಪದವಿಗೆ ಇರುವ ಯುಸೀಡ್ ಪರೀಕ್ಷೆಯನ್ನು ಕಾಮರ್ಸ್ ಮಕ್ಕಳೂ ಬರೆಯಬಹುದು. ಇದು ಬಹಳ ಮನೆಗಳಿಗೆ ಗೊತ್ತೇ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಅಕ್ಟೋಬರ್ ಸುಮಾರಿಗೆ ಅರ್ಜಿ, ಜನವರಿಯಲ್ಲಿ ಪರೀಕ್ಷೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಪ್ರವೇಶಕ್ಕೂ ಯಾವ ವಿಭಾಗದವರಾದರೂ ಸರಿ. ಆನಿಮೇಷನ್ನೇ ಬೇಕೆಂದರೆ ಬೆಂಗಳೂರಿನ ಮಹದೇವಪುರದಲ್ಲಿ ಸರ್ಕಾರದ ನೆರವಿನ ಉತ್ಕೃಷ್ಟತಾ ಕೇಂದ್ರವಿದೆ, ಅಲ್ಲಿಯೂ ವಿಚಾರಿಸಿ.

ಖಾಸಗಿ ಸಂಸ್ಥೆಯವರ ಗ್ಯಾರಂಟಿ ಮಾತನ್ನು ಬರೆದು ಕೊಡಲು ಕೇಳಿ. ಹೋದ ವರ್ಷ ಮುಗಿಸಿದ ಇಬ್ಬರು ಮೂವರ ಫೋನ್ ನಂಬರ್ ಕೇಳಿ, ನೀವೇ ಮಾತಾಡಿ. ಆ ಮಕ್ಕಳ ಶೋರೀಲ್, ಅಂದರೆ ಮಾಡಿದ ಕೆಲಸದ ತುಣುಕುಗಳ ವಿಡಿಯೋ, ನೋಡಿ. ನಡುವೆ ಬಿಟ್ಟರೆ ಹಣ ವಾಪಸ್ ಎಷ್ಟು ಎಂಬುದು ರಸೀದಿಯಲ್ಲಿರಲಿ. ಇಷ್ಟಕ್ಕೆ ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಎಐ ವಿಷಯದಲ್ಲಿ ಸುಳ್ಳು ಧೈರ್ಯ ಹೇಳುವುದಿಲ್ಲ. ಹಿನ್ನೆಲೆ ಕತ್ತರಿಸುವುದು, ಫ್ರೇಮಿನಿಂದ ಬೇಡದ್ದನ್ನು ಅಳಿಸುವುದು ಮುಂತಾದ ಕೆಲಸ ಯಂತ್ರಕ್ಕೆ ಹೋಗುತ್ತಿದೆ. ಹೊಸಬರು ಮೊದಲು ಸೇರುತ್ತಿದ್ದುದೂ ಅಂಥ ಕೆಲಸಕ್ಕೇ. ಅದಕ್ಕೇ ತಂತ್ರಾಂಶದ ಬಟನ್ ಒತ್ತುವುದನ್ನಷ್ಟೇ ಕಲಿಸುವ ಕೋರ್ಸಿಗೆ ಎರಡು ಲಕ್ಷ ಸುರಿಯಬೇಡಿ ಅನ್ನುತ್ತಿರುವುದು. ಚಿತ್ರ ಬಿಡಿಸುವ ಕೈ, ಚಲನೆ ನೋಡುವ ಕಣ್ಣು, ಕಥೆ ಹೇಳುವ ಬುದ್ಧಿ ಮೂರಕ್ಕೂ ಹೆಚ್ಚು ಹೊತ್ತು ಕೊಡಲಿ.

ಪ್ರಶ್ನೆ: ಬಿ.ಎ. ಮುಗಿಸಿ ಚಿಂತಾಮಣಿಯ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದೇನೆ. ಕೋರೆಲ್‌ಡ್ರಾ, ಫೋಟೋಶಾಪ್ ಬರುತ್ತದೆ. ಬೆಂಗಳೂರಿನಲ್ಲಿ ಒಳ್ಳೆಯ ಡಿಸೈನರ್ ಕೆಲಸ ಸಿಗಲು ಇನ್ನೇನು ಕಲಿಯಬೇಕು? ಇಂಗ್ಲಿಷ್ ಅಷ್ಟಕ್ಕಷ್ಟೆ.
– ಚಿಂತಾಮಣಿಯ ಓದುಗರು

ಉತ್ತರ: ಸಂಜೆಯೊಳಗೆ ಮುಗಿಸಿ ಕೊಡುವ ರೂಢಿ ನಿಮಗಿದೆ, ಮುದ್ರಣದಲ್ಲಿ ಬಣ್ಣ ಹೇಗೆ ಬದಲಾಗುತ್ತದೆಂದು ಗೊತ್ತಿದೆ. ಇವೆರಡೂ ಕಾಲೇಜಿನಿಂದ ನೇರ ಬಂದವರಲ್ಲಿ ಕಡಿಮೆ. ಇನ್ನು ಕನ್ನಡ ಅಕ್ಷರವನ್ನು ಚೆನ್ನಾಗಿ ಕೂರಿಸುವುದನ್ನು ಕಲಿಯಿರಿ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರಕ್ಕೆ ಕನ್ನಡ ಹಾಕಿದರೆ ‘ರಾಷ್ಟ್ರ’, ‘ಸ್ತ್ರೀ’ ಇಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಗುಲುತ್ತದೆ. ದೊಡ್ಡ ದೊಡ್ಡ ಜಾಹೀರಾತುಗಳಲ್ಲೂ ಈ ತಪ್ಪು ನೋಡುತ್ತೇವೆ. ಅದನ್ನು ಸರಿಪಡಿಸಬಲ್ಲವರಿಗೆ ಬೆಲೆ ಇದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಷ್ಟೇ ಟೈಪ್ ಮಾಡುತ್ತಿದ್ದರೆ, ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯೂನಿಕೋಡ್‌ಗೆ ಬನ್ನಿ, ಇಲ್ಲದಿದ್ದರೆ ನಿಮ್ಮ ಪಠ್ಯ ವೆಬ್‌ಸೈಟಿಗೆ ಹೋದ ಕೂಡಲೇ ಕಲಸುಮೇಲೋಗರ. ಬಾಲೂ ತಮ್ಮ, ತಿರೋ ಕನ್ನಡ, ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುವ ಫಾಂಟುಗಳು.

ಮಾಡಿದ ಕೆಲಸ ತೋರಿಸುವ ಪೋರ್ಟ್‌ಫೋಲಿಯೋದಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಬೇಡ. ನಿಮ್ಮೂರ ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಅಥವಾ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೇಕಾದ ಸೂಚನಾ ಫಲಕ ತೆಗೆದುಕೊಂಡು ಹೊಸದಾಗಿ ವಿನ್ಯಾಸ ಮಾಡಿ. ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ, ವಯಸ್ಸಾದವರೊಬ್ಬರನ್ನು ದೂರ ನಿಲ್ಲಿಸಿ ಓದಿಸಿ. ಎಲ್ಲಿ ತಡವರಿಸಿದರು, ನೀವೇನು ಬದಲಿಸಿದಿರಿ ಎಂದು ಮೂರು ಸಾಲು ಬರೆಯಿರಿ. ಅಂಥ ಆರೇಳು ಕೆಲಸ ಸಾಕು. ಆ ಮೂರು ಸಾಲನ್ನೇ ಇಂಗ್ಲಿಷಿನಲ್ಲಿ ಹೇಳುವುದನ್ನು ಅಭ್ಯಾಸ ಮಾಡಿದರೆ ಸಂದರ್ಶನಕ್ಕೂ ಆಯಿತು.

ಇನ್ನೊಂದು ಮಾತು. ಸಂಬಳಕ್ಕಿದ್ದು ಮಾಡಿದ ವಿನ್ಯಾಸದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಮಾಲೀಕರದು. ತೋರಿಸಲು ಅನುಮತಿ ಕೇಳಿ. ಹೊರಗಿನವರಿಗೆ ಸ್ವಂತವಾಗಿ ಮಾಡಿ ಹಕ್ಕು ಬಿಟ್ಟುಕೊಡುವಾಗ ಬರಹದಲ್ಲೇ ಆಗಲಿ. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಕಾನೂನು ಲೆಕ್ಕ ಹಿಡಿಯುತ್ತದೆ.

ಪ್ರಶ್ನೆ: ಕೋಲಾರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಅಧ್ಯಾಪಕ. ಸಿನಿಮಾ, ನಾಟಕದ ಕಡೆ ಒಲವಿರುವ ವಿದ್ಯಾರ್ಥಿಗಳಿದ್ದಾರೆ. ಕ್ಯಾಮೆರಾ, ಸ್ಟುಡಿಯೋ ಏನೂ ಇಲ್ಲ. ಏನು ಮಾಡಿಸಬಹುದು?
– ಮಾಲೂರಿನ ಓದುಗರು

ಉತ್ತರ: ಧ್ವನಿಯಿಂದ ಶುರು ಮಾಡಿ ಮೇಷ್ಟ್ರೇ. ಎಲ್ಲರೂ ಕ್ಯಾಮೆರಾ ಹಿಂದೆ ಬೀಳುತ್ತಾರೆ, ಧ್ವನಿ ಕಲಿತವರು ವಿರಳ. ಕೋಲಾರದ ಟೊಮೆಟೊ ಮಂಡಿಗೆ ಹರಾಜಿನ ಹೊತ್ತಿಗೆ ಕರೆದುಕೊಂಡು ಹೋಗಿ, ಫೋನಿನಲ್ಲೇ ರೆಕಾರ್ಡ್ ಮಾಡಿಸಿ. ಕೂಗುವವರ ಹತ್ತಿರ ಒಮ್ಮೆ, ಬಾಕ್ಸ್ ಇಳಿಸುವ ಲಾರಿ ಬಳಿ ಒಮ್ಮೆ, ಯಾರೂ ಮಾತಾಡದ ಮೂಲೆಯಲ್ಲಿ ಒಂದು ನಿಮಿಷ. ಆ ಕೊನೆಯದೇ ಎಡಿಟಿಂಗ್‌ನಲ್ಲಿ ತುಂಡುಗಳ ನಡುವಿನ ಸಂದು ಮುಚ್ಚುವುದು. ಉಚಿತವಾದ ಆಡಾಸಿಟಿಯಲ್ಲಿ ಮೂರು ನಿಮಿಷಕ್ಕೆ ಇಳಿಸಲಿ, ಮಾತಿನ ವಿವರಣೆ ಇಲ್ಲದೆ ಕೇಳುವವರಿಗೆ ಮಂಡಿ ಕಾಣಬೇಕು.

ರಂಗದ ಆಸಕ್ತಿಯವರನ್ನು ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಕಳಿಸಿ. ನಟನೆಗಷ್ಟೇ ಅಲ್ಲ, ಬೆಳಕು, ರಂಗಸಜ್ಜಿಕೆಗೂ ಕೈ ಹಚ್ಚಲಿ. ಮುಂದೆ ಪೂರ್ಣಾವಧಿ ಕಲಿಯಬೇಕೆನ್ನುವವರಿಗೆ ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣದಲ್ಲಿ ಒಂದು ವರ್ಷದ ತರಬೇತಿ ಇದೆ. ಛಾಯಾಗ್ರಹಣ, ಧ್ವನಿಗ್ರಹಣಕ್ಕೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ.

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಸುತ್ತಮುತ್ತಲ ಊರುಗಳಲ್ಲೂ ತಮಟೆಯವರಿರುತ್ತಾರೆ. ಅವರನ್ನು ಕಾಲೇಜಿಗೆ ಕರೆಸಿ ಕಲಿಸಲು ಹೇಳಿ, ರೆಕಾರ್ಡ್ ಮಾಡುವ ಮುನ್ನ ಒಪ್ಪಿಗೆ ಪಡೆಯಿರಿ, ಸಂಭಾವನೆಯನ್ನು ಮೊದಲೇ ಮಾತಾಡಿ ಅವತ್ತೇ ಕೈಗೆ ಕೊಡಿ. ಹೊರಗಿನ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟನ್ನೇ ಅವರಿಗೂ ಕೊಡಬೇಕು. ವಿದ್ಯಾರ್ಥಿಗಳೇ ಆ ಲೆಕ್ಕ ಬರೆಯಲಿ, ನಾಳೆ ತಮ್ಮ ಕೆಲಸಕ್ಕೆ ದರ ಹೇಳಲು ಅವರಿಗೂ ಬರಬೇಕಲ್ಲ.