ಮಂಗೋಲ್ ಸಾಮ್ರಾಟರ ಅರಮನೆಯಲ್ಲಿ ಕೊರಿಯಾದ ನಪುಂಸಕ ಸೇವಕನ ಬದುಕು ಹೇಗಿತ್ತು?

ಇದಕ್ಕೆ ಪಾಕ್ ಬುಲ್ಹ್ವಾನ ಬದುಕೇ ಒಳ್ಳೆಯ ಉತ್ತರ. ಗೊರ್ಯೊ ರಾಜ್ಯವು (ಇಂದಿನ ಕೊರಿಯಾ) ಚೀನಾವನ್ನು ಆಳುತ್ತಿದ್ದ ಯುವಾನ್ ವಂಶದ ಮಂಗೋಲ್ ಚಕ್ರವರ್ತಿಗಳಿಗೆ ಕಪ್ಪದ ಜೊತೆಗೆ ಹೆಣ್ಣುಮಕ್ಕಳನ್ನೂ ನಪುಂಸಕ ಸೇವಕರನ್ನೂ ಕಳುಹಿಸಬೇಕಾಗಿತ್ತು. ಹಾಗೆ ಹೋದ ಗಿ ಮನೆತನದ ಹೆಣ್ಣುಮಗಳು ಚಕ್ರವರ್ತಿ ತೊಘೊನ್ ತೆಮೂರನ ಮನಗೆದ್ದು 1340ರಲ್ಲಿ ಎರಡನೆಯ ಸಾಮ್ರಾಜ್ಞಿಯಾದಾಗ, ಅವಳ ಊರಿನವನೇ ಆದ ಬುಲ್ಹ್ವಾ ಅವಳ ನಂಬಿಕಸ್ಥನಾಗಿ, ಕ್ರಮೇಣ ಅವಳ ಆದಾಯವನ್ನು ನೋಡಿಕೊಳ್ಳುವ ಕಚೇರಿಯ ಮುಖ್ಯಸ್ಥನಾದನು.

1358ರಲ್ಲಿ ಬರ ಮತ್ತು ಯುದ್ಧದಿಂದ ಕಂಗೆಟ್ಟ ಜನರು ರಾಜಧಾನಿ ದಾದುವಿಗೆ, ಅಂದರೆ ಇಂದಿನ ಬೀಜಿಂಗಿಗೆ, ವಲಸೆ ಬಂದು ಸಾಂಕ್ರಾಮಿಕ ರೋಗಕ್ಕೆ ತುತ್ತಾದರು. ಆಗ ಬುಲ್ಹ್ವಾ ಚಕ್ರವರ್ತಿಯ ಅನುಮತಿ ಪಡೆದು, ತನ್ನ ಚಿನ್ನ, ಬೆಳ್ಳಿ, ಧಾನ್ಯಗಳನ್ನೂ ಕೊಟ್ಟು, ನಗರದಿಂದ ಲುಗೋ ಸೇತುವೆಯವರೆಗೆ ನೀರಿನ ಸೆಲೆ ತಾಗುವಷ್ಟು ಆಳದ ಗುಂಡಿಗಳನ್ನು ತೋಡಿಸಿ, ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆಯಾಗಿ ಹೂಳಿಸಿದನು. ಒಂದು ಹೆಣ ಹೊತ್ತು ತಂದವರಿಗೆ ಅಲ್ಲಿಯೇ ಕಾಗದದ ಹಣ ಸಿಗುತ್ತಿತ್ತು. ರೋಗಿಗಳಿಗೆ ಔಷಧ ಕೊಡಲಾಗುತ್ತಿತ್ತು. 1360ರ ಹೊತ್ತಿಗೆ ಹೂಳಲಾದವರು 2,00,000 ಮಂದಿ ಎಂದು ಯುವಾನ್ ವಂಶದ ಅಧಿಕೃತ ಚರಿತ್ರೆ ದಾಖಲಿಸಿದೆ.

ಅದೇ ಚರಿತ್ರೆ ಅವನನ್ನು ದುಷ್ಟನೆಂದೂ ಚಿತ್ರಿಸುತ್ತದೆ. ತನ್ನ ಮಗನಾದ ಯುವರಾಜನನ್ನು ಬೇಗನೆ ಪಟ್ಟಕ್ಕೇರಿಸಲು ಸಾಮ್ರಾಜ್ಞಿ ನಡೆಸಿದ ಪ್ರಯತ್ನದಲ್ಲಿ ಅವನು ಭಾಗಿಯಾಗಿದ್ದುದು ನಿಜ. ಆದರೂ ಆ ಗುಂಡಿಗಳನ್ನು ಮರೆತು ಅವನನ್ನು ಅಳೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. 1364ರಲ್ಲಿ ಸೇನಾನಿ ಬೊಲೊದ್ ತೆಮೂರನ ಪಡೆ ರಾಜಧಾನಿಯನ್ನು ಬೆದರಿಸಿದಾಗ ಚಕ್ರವರ್ತಿ ಬುಲ್ಹ್ವಾನನ್ನು ಒಪ್ಪಿಸಿಬಿಟ್ಟನು. ಆ ಸೇನಾನಿ ಅವನನ್ನು ಕೊಲ್ಲಿಸಿದನು.